ಬರಿದಾದ ಪೀಪಾಯಿ

2025ನೆಯ ಇಸವಿಯ ಜೂನ್ 13ನೆಯ ತಾರೀಖು, ಬೇಸಗೆಯ ರಜೆ ಮುಗಿದು ಶಾಲೆ ತೆರೆದ ಮರುದಿನ, ನಾವು ಒಂಬತ್ತನೆಯ ತರಗತಿಗೆ ಭೌತಶಾಸ್ತ್ರದ ಮೊದಲ ಪಾಠವನ್ನು ಹೇಳಲೆಂದು ಹೋದೆವು. ಹಾಜರಿ ಕರೆದು ಮುಗಿಸುವ ಮೊದಲೇ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಹಿಂದಿನ ದಿನ ಅಹಮದಾಬಾದಿನಲ್ಲಿ ವಿಮಾನವೊಂದು ಬಿದ್ದು ಉರಿದ ದೃಶ್ಯವನ್ನು ಮಕ್ಕಳೆಲ್ಲರೂ ಮನೆಯಲ್ಲಿ ನೋಡಿ ಬಂದಿದ್ದರು. ವಿಮಾನದಲ್ಲಿದ್ದ 242 ಮಂದಿಯಲ್ಲಿ 241 ಮಂದಿ, ನೆಲದ ಮೇಲಿದ್ದ 19 ಮಂದಿ ತೀರಿಕೊಂಡರೆಂಬ ಪೂರ್ಣ ಲೆಕ್ಕ ಆಗ ಇನ್ನೂ ಹೊರಬಿದ್ದಿರಲಿಲ್ಲ. ಹುಡುಗಿ ಕೇಳಿದ್ದು ಲೆಕ್ಕವನ್ನಲ್ಲ.

“ಸರ, ವಿಮಾನ ಬಿದ್ರ ಮುರೀಬೇಕು. ಉರಿಯೋದು ಯಾಕ್ರಿ? ಉರೀದಂಗ ಮಾಡೋರು ಯಾರೂ ಇಲ್ಲೇನ್ರಿ?”

ಪ್ರಶ್ನೆ ಎರಡು ತುಂಡಾಗಿತ್ತು. ಮೊದಲನೆಯದಕ್ಕೆ ಹಲಗೆಯ ಮೇಲೆ ಚಿತ್ರ ಬರೆದು ಉತ್ತರ ಹೇಳಿದೆವು. ಎರಡನೆಯದಕ್ಕೆ “ಇದ್ದಾರೆ, ನಾಳೆ ಹೇಳುತ್ತೇವೆ” ಎಂದು ಕೈತೊಳೆದುಕೊಂಡೆವು. ಹೇಳಬೇಕಾದರೆ ನಮ್ಮ ಕಾಕಾನ ಸಂಗತಿಯನ್ನು ಹೇಳದೆ ಗತ್ಯಂತರವಿರಲಿಲ್ಲ. ತರಗತಿಯಲ್ಲಿ ಅದನ್ನು ಹೇಳುವ ಧೈರ್ಯ ಆ ದಿನ ನಮಗೆ ಬರಲಿಲ್ಲ. ಅಲ್ಲಿ ಉಳಿದುಹೋದುದನ್ನು ಸಂಘದ ಪತ್ರಿಕೆಯ ವಾಚಕರ ಮುಂದೆ, ಅವರಲ್ಲಿಯೂ ನಮ್ಮಂತೆಯೇ ಗಡಿಯ ಕನ್ನಡ ಶಾಲೆಗಳಲ್ಲಿ ಸೀಮೆಸುಣ್ಣ ಹಿಡಿದಿರುವ ಉಪಾಧ್ಯಾಯ ಬಂಧುಗಳ ಮುಂದೆ, ಇಡಬೇಕೆಂದು ಈ ಬರಹ.

ನಮ್ಮ ಊರು ಕೋಸಗಿ. ಕರ್ನೂಲು ಜಿಲ್ಲೆಯಲ್ಲಿಯೂ ಅದೇ ಹೆಸರಿನ ಇನ್ನೊಂದು ಊರಿದೆ. ನಮ್ಮ ಕಾಗದಗಳು ಅಲ್ಲಿಯ ಗಾಳಿ ಸೇವಿಸಿ ನಿಧಾನವಾಗಿ ಬಂದು ತಲುಪಿದ್ದುಂಟು. ನಮ್ಮದು ಕೊಡಂಗಲ್ಲಿನ ಕಡೆಯ ಕೋಸಗಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಡಂಗಲ್ ತಾಲ್ಲೂಕು ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. ಆಮೇಲೆ ಮಹಬೂಬನಗರಕ್ಕೆ ಸೇರಿತು. 2019ರಿಂದ ನಾವು ನಾರಾಯಣಪೇಟೆ ಜಿಲ್ಲೆಯವರು. ಜಿಲ್ಲೆಗಳು ಬದಲಾದರೂ ಮನೆಯೊಳಗಿನ ಮಾತು ಬದಲಾಗಲಿಲ್ಲ. ಆದಕಾರಣವೇ ನಮ್ಮ ತಂದೆ ನಮ್ಮನ್ನು ಓದಲು ಗುಲ್ಬರ್ಗೆಗೆ ಕಳಿಸಿದ್ದರು.

1987ರ ಮೇ ತಿಂಗಳು. ನಾವು ಪಿ.ಯು.ಸಿ. ವಿಜ್ಞಾನದ ಪರೀಕ್ಷೆ ಬರೆದು ಊರಿಗೆ ಬಂದಿದ್ದೆವು. ಹದಿನೇಳು ವರ್ಷದ ಹುಡುಗ ನಾಲ್ಕು ಸೂತ್ರಗಳನ್ನು ಕಲಿತು ಊರಿಗೆ ಬಂದರೆ ಅವನಷ್ಟು ದೊಡ್ಡ ವಿದ್ವಾಂಸ ಮತ್ತೊಬ್ಬನಿರುವುದಿಲ್ಲ. ನಮ್ಮ ಕಾಕಾ ಹೊಲದ ಬಾವಿಯ ಬಳಿ ಎಮ್ಮೆಗಳಿಗೆ ನೀರಿನ ತೊಟ್ಟಿ ಬೇಕೆಂದು, 200 ಲೀಟರು ಹಿಡಿಯುವ ಹಳೆಯ ಕಬ್ಬಿಣದ ಪೀಪಾಯಿಯೊಂದನ್ನು ಕೊಂಡು ತಂದಿದ್ದರು. ಅದರಲ್ಲಿ ಮೊದಲು ಇದ್ದುದು ಚಿಮಣಿ ಎಣ್ಣೆ. ನಡುವೆ ಕೊಯ್ದರೆ ಎರಡು ತೊಟ್ಟಿಗಳಾಗುತ್ತವೆಂಬುದು ಅವರ ಎಣಿಕೆ. ಪೀಪಾಯಿ ಎರಡು ದಿನ ಅಂಗಳದ ಬಿಸಿಲಿನಲ್ಲಿ ಬಿದ್ದಿತ್ತು. ಮೂರನೆಯ ದಿನ ಮಧ್ಯಾಹ್ನ ಬಂಡಿಯ ಮೇಲೆ ಹೇರಿಕೊಂಡು ಗ್ಯಾಸಿನ ಉರಿಯಿಂದ ಕಬ್ಬಿಣ ಕೊಯ್ಯುವ ಮಿಸ್ತ್ರಿಯ ಬಳಿಗೆ ಹೋದೆವು.

ಮಿಸ್ತ್ರಿ ಪೀಪಾಯಿಯನ್ನು ಒಮ್ಮೆ ಕೈಯಿಂದ ತಟ್ಟಿ, ಬಾಯಿಯ ಬಳಿ ಮೂಗು ಹಿಡಿದು, “ಇದರಾಗ ಏನಿತ್ತು?” ಎಂದು ಕೇಳಿದ.

“ಚಿಮಣಿ ಎಣ್ಣಿ” ಎಂದರು ಕಾಕಾ.

“ತೊಳದೀರೇನು? ನೀರು ತುಂಬಿ ತರಬೇಕಾಗಿತ್ತು...”

ಅವನು ಮಾತು ಮುಗಿಸಲಿಲ್ಲ. ನಡುವೆ ಬಾಯಿ ಹಾಕಿದವರು ನಾವು. ಪೀಪಾಯಿಯನ್ನು ಬೋರಲು ಹಾಕಿ ನೋಡಿದ್ದೇವೆ, ಒಂದು ಹನಿಯೂ ಬೀಳಲಿಲ್ಲ, ಎಣ್ಣೆಯೇ ಇಲ್ಲದ ಮೇಲೆ ಉರಿಯುವುದೇನು ಎಂದು ತರ್ಕ ಹೂಡಿದೆವು. “ಖಾಲಿ ಅದ ಕಾಕಾ, ಏನೂ ಆಗಂಗಿಲ್ಲ” ಎಂದು ಆಡಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಕಾಕಾ ಮಿಸ್ತ್ರಿಯ ಕಡೆ ತಿರುಗಿ, “ಹುಡುಗ ಸೈನ್ಸ್ ಓದ್ಯಾನಪ್ಪ, ನೀ ಹಚ್ಚು” ಎಂದರು. ಆ ಧ್ವನಿಯಲ್ಲಿ ಇದ್ದ ಹೆಮ್ಮೆ ನಮ್ಮದನ್ನು ಕುರಿತದ್ದು.

ಸದ್ದು ಹೇಗಿತ್ತೆಂಬುದನ್ನು ಬಣ್ಣಿಸಲು ನಮಗೆ ಇಷ್ಟವಿಲ್ಲ. ಪೀಪಾಯಿಯ ಒಂದು ಕಡೆಯ ಮುಚ್ಚಳ ಕಿತ್ತು ಹಾರಿತು. ಅದು ಅಲುಗದಿರಲೆಂದು ಕಾಲಿನಿಂದ ಒತ್ತಿ ನಿಂತಿದ್ದ ಕಾಕಾನ ಬಲಗಣ್ಣು ಹೋಯಿತು. ಆ ಕಡೆಯ ಕಿವಿಯೂ ಮಂದವಾಯಿತು. ಮಿಸ್ತ್ರಿಯ ಮುಂಗೈ ಸುಟ್ಟು ಎರಡು ತಿಂಗಳು ಕೆಲಸವಿಲ್ಲದೆ ಕುಳಿತ. ನೆರಳು ಹುಡುಕಿಕೊಂಡು ಐದು ಹೆಜ್ಜೆ ದೂರ ನಿಂತಿದ್ದ ನಮಗೆ ಒಂದು ಗೀರೂ ಆಗಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಹೊರಸಿನ ಮೇಲೆ ಮಲಗಿದ್ದ ಕಾಕಾ ಒಂದು ಸಂಜೆ ನಮ್ಮನ್ನು ಹತ್ತಿರ ಕರೆದು ಕೇಳಿದರು. “ನಿನ್ನ ಪುಸ್ತಕದಾಗ ಇದು ಇದ್ದಿಲ್ಲೇನೋ?” ಕೋಪದ ಮಾತಲ್ಲ, ತಿಳಿಯುವ ಬಯಕೆ. ನಾವು “ಇದ್ದಿಲ್ಲ ಕಾಕಾ” ಎಂದೆವು. ಅದು ಸುಳ್ಳು. ಪುಸ್ತಕದಲ್ಲಿ ಇತ್ತು. ಇಂಧನಗಳ ಪಾಠದಲ್ಲಿ, ಎಣ್ಣೆಯ ಆವಿಗೆ ಕಿಡಿ ಹತ್ತಿಕೊಳ್ಳುವ ಕನಿಷ್ಠ ಉಷ್ಣತೆಗೆ ಫ್ಲಾಷ್ ಪಾಯಿಂಟ್ ಎಂದು ಹೆಸರು ಎಂಬ ವಾಕ್ಯವಿತ್ತು. ಪರೀಕ್ಷೆಯಲ್ಲಿ ಬರೆದು ಎರಡು ಅಂಕಗಳನ್ನೂ ಪಡೆದಿದ್ದೆವು. ಉರಿಯುವುದು ಎಣ್ಣೆಯಲ್ಲ, ಎಣ್ಣೆಯ ಆವಿ. ಆವಿಯಿದ್ದರೆ ಸಾಲದು, ಅದು ಗಾಳಿಯೊಡನೆ ಹದವಾಗಿ ಬೆರೆತಿರಬೇಕು. ಆದ್ದರಿಂದ ತುಂಬಿದ ಪೀಪಾಯಿಗಿಂತ ಬರಿದಾದ ಪೀಪಾಯಿ ಭಯಂಕರ. ಇಷ್ಟೆಲ್ಲ ಆ ಒಂದು ವಾಕ್ಯದ ಹೊಟ್ಟೆಯಲ್ಲಿಯೇ ಇತ್ತು. ನಾವು ಅದನ್ನು ಬಿಚ್ಚಿ ನೋಡಿರಲಿಲ್ಲ.

ಮುಂದೆ ಎಷ್ಟೋ ವರ್ಷಗಳಾದ ಮೇಲೆ ಲೆಕ್ಕ ಹಾಕಿದೆವು. ಚಿಮಣಿ ಎಣ್ಣೆಯ ಆವಿ ಗಾಳಿಯಲ್ಲಿ ನೂರಕ್ಕೆ ಮುಕ್ಕಾಲು ಪಾಲಿಗಿಂತ ತುಸು ಕಡಿಮೆಯಿಂದ ಐದು ಪಾಲಿನವರೆಗೆ ಇದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ತೆಳುವಾದರೂ ಇಲ್ಲ, ದಟ್ಟವಾದರೂ ಇಲ್ಲ. 200 ಲೀಟರಿನ ಪೀಪಾಯಿಯಲ್ಲಿ ನೂರಕ್ಕೆ ಒಂದು ಪಾಲು ಆವಿ ತುಂಬಲು ಬೇಕಾದ ಎಣ್ಣೆ ಸುಮಾರು 15 ಗ್ರಾಮು, ಎಂದರೆ ಒಂದು ದೊಡ್ಡ ಚಮಚ. ಒಳಗೋಡೆಗೆ ಅಂಟಿಕೊಂಡ ಪಸೆಯೇ ಅದಕ್ಕೆ ಸಾಕು. ಬೋರಲು ಹಾಕಿದರೆ ಹನಿ ಬೀಳಲಿಲ್ಲವೆಂದು ನಾವು ಸಾಕ್ಷಿ ನುಡಿದದ್ದು ಇಂಥ ಪೀಪಾಯಿಯ ಪರವಾಗಿ.

ವಿಮಾನಕ್ಕೂ ಪೀಪಾಯಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಜೆಟ್ ವಿಮಾನ ಕುಡಿಯುವುದು ಪೆಟ್ರೋಲನ್ನಲ್ಲ. ಶೋಧಿಸಿದ ಚಿಮಣಿ ಎಣ್ಣೆಯನ್ನೇ. ಇದು ನಮಗೆ ತಿಳಿದದ್ದು 1990ರಲ್ಲಿ. ಆ ವರ್ಷದ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ವಿಮಾನ ಬೆಂಗಳೂರಿನ ನಿಲ್ದಾಣಕ್ಕೆ ಮುಟ್ಟದೆ ಗಾಲ್ಫ್ ಮೈದಾನಕ್ಕೆ ಇಳಿದು, ದಿಣ್ಣೆಗೆ ಬಡಿದು ಉರಿಯಿತು. 146 ಮಂದಿಯಲ್ಲಿ 92 ಮಂದಿ ಹೋದರು. ಗುಲ್ಬರ್ಗೆಯ ವಾಚನಾಲಯದಲ್ಲಿ ನಿಂತು ಆ ಸುದ್ದಿಯನ್ನು ಓದುತ್ತಿದ್ದ ನಮಗೆ ಇಂಧನ ಯಾವುದೆಂಬ ಸಾಲು ಕಣ್ಣಿಗೆ ಬಿದ್ದಾಗ ಮೂಗಿಗೆ ಅಂಗಳದ ಆ ಪೀಪಾಯಿಯ ವಾಸನೆ ಹತ್ತಿತು. ಅಂದಿನಿಂದ ವಿಮಾನದ ಬೆಂಕಿಯನ್ನು ಕುರಿತು ಕೈಗೆ ಸಿಕ್ಕಿದುದನ್ನೆಲ್ಲ ಓದುವುದು ನಮಗೆ ಒಂದು ಹುಚ್ಚಾಯಿತು. ಪ್ರಾಯಶ್ಚಿತ್ತವೆನ್ನುವುದು ದೊಡ್ಡ ಮಾತು. ಮಗ್ಗಿ ತಪ್ಪಿದ ಹುಡುಗ ಸಂಜೆ ಅದನ್ನೇ ಹತ್ತು ಸಲ ಬರೆಯುತ್ತಾನಲ್ಲ, ಹಾಗೆ.

ಆ ಓದಿನಲ್ಲಿ ಮೊದಲು ಎದುರಾದವರು ಇರ್ವಿಂಗ್ ಪಿಂಕೆಲ್ ಎಂಬ ಅಮೆರಿಕದ ಸಂಶೋಧಕರು. ಇಂದಿನ ನಾಸಾ ಸಂಸ್ಥೆಯ ಪೂರ್ವರೂಪವಾಗಿದ್ದ ಎನ್.ಎ.ಸಿ.ಎ.ಗೆ ಕ್ಲೀವ್‌ಲೆಂಡಿನಲ್ಲಿ ಒಂದು ಪ್ರಯೋಗಶಾಲೆ ಇತ್ತು. ಎರಡನೆಯ ಮಹಾಯುದ್ಧ ಮುಗಿದು ಬೇಡವಾದ ಸಾಗಣೆಯ ವಿಮಾನಗಳು ರಾಶಿ ಬಿದ್ದಿದ್ದವು. ಪಿಂಕೆಲರೂ ಪ್ರೆಸ್ಟನ್, ಪೆಸ್‌ಮನ್ ಮೊದಲಾದ ಸಹೋದ್ಯೋಗಿಗಳೂ ಆ ವಿಮಾನಗಳನ್ನು ಓಹಿಯೋದ ರವೆನ್ನಾ ಮದ್ದಿನ ಕೋಠಿಯ ಬಯಲಿಗೆ ಒಯ್ದು ಬೇಕೆಂದೇ ಅಪಘಾತ ಮಾಡಿಸಿದರು. ಚಾಲಕನಿಲ್ಲದ ವಿಮಾನ ನೆಲದ ಮೇಲೆ ಹಾಸಿದ ಒಂದೇ ಕಂಬಿಯನ್ನು ಹಿಡಿದು ಓಡುವುದು. ಕೊನೆಯಲ್ಲಿ ಕಟ್ಟಿದ ಅಡ್ಡಗಟ್ಟೆ ಚಕ್ರಗಳನ್ನು ಕಿತ್ತುಹಾಕುವುದು. ನೆಟ್ಟ ಕಂಬಗಳು ರೆಕ್ಕೆಯ ಎಣ್ಣೆಯ ಟಾಂಕಿಯನ್ನು ಸೀಳುವುವು. ಸುತ್ತಲೂ ವೇಗದ ಛಾಯಾಗ್ರಾಹಕ ಯಂತ್ರಗಳು ಕ್ಷಣವನ್ನು ನೂರಾರು ಚೂರು ಮಾಡಿ ಹಿಡಿಯುವುವು. ಎಣ್ಣೆ ಎಲ್ಲಿಗೆ ಹೋಯಿತೆಂದು ಕಾಣಲು ಅದಕ್ಕೆ ಕೆಂಪು ಬಣ್ಣ ಬೆರೆಸಿದ್ದೂ ಉಂಟು. ಊರಿನ ಹಿರಿಯರು ಇದನ್ನು ಕಂಡಿದ್ದರೆ, ಮಾಡಲು ಕೆಲಸವಿಲ್ಲದವರ ಕೆಲಸ ಎನ್ನುತ್ತಿದ್ದರು.

ಆದರೆ ಆ ಚಿತ್ರಗಳಲ್ಲಿ ಕಂಡುಬಂದುದೇನು? ಸೀಳಿದ ಟಾಂಕಿಯ ಎಣ್ಣೆ ನಾವು ಎಣಿಸುವಂತೆ ನೆಲಕ್ಕೆ ಸುರಿದು ಹರಿಯುವುದಿಲ್ಲ. ವಿಮಾನದ ವೇಗ ಥಟ್ಟನೆ ತಗ್ಗುವಾಗ ಎಣ್ಣೆ ಮುಂದಕ್ಕೆ ಚಿಮ್ಮಿ, ಎದುರುಗಾಳಿಗೆ ಸಿಕ್ಕಿ ಮಂಜಾಗಿ ಒಡೆಯುತ್ತದೆ. ನೆಲಕ್ಕೆ ಬಿದ್ದ ಚಿಮಣಿ ಎಣ್ಣೆಗೆ ಬೆಂಕಿ ಹತ್ತಲು ಕಾವು ಬೇಕು. ಮಂಜಾದ ಎಣ್ಣೆಗೆ ಆ ಹಂಗಿಲ್ಲ. ಆ ಮಂಜು ಎಂಜಿನ್ನಿನ ಬಿಸಿ ಲೋಹವನ್ನು ಮುಟ್ಟುತ್ತದೆ, ಹರಿದ ತಂತಿಯ ಕಿಡಿಯನ್ನು ಮುಟ್ಟುತ್ತದೆ, ನೆಲಕ್ಕೆ ಉಜ್ಜುವ ಕಬ್ಬಿಣದ ಕಿಡಿಯನ್ನು ಮುಟ್ಟುತ್ತದೆ. ಯಾವುದು ಮೊದಲು ಸಿಕ್ಕಿತೋ ಅದು. ಕಾರಣ ತಿಳಿದ ಮೇಲೆ ಅವರು ಉಪಾಯವನ್ನೂ ಹೂಡಿದರು. ಅಪ್ಪಳಿಸಿದ ಕ್ಷಣದಲ್ಲಿಯೇ ತಾನಾಗಿ ಎಣ್ಣೆಯ ಹರಿವು ನಿಲ್ಲಬೇಕು, ಬ್ಯಾಟರಿಯ ಸಂಪರ್ಕ ಕಡಿಯಬೇಕು, ಎಂಜಿನ್ನಿನ ಬಿಸಿ ಭಾಗಗಳ ಮೇಲೆ ನೀರು ಸಿಡಿದು ಹಬೆಯ ಹೊದಿಕೆಯಾಗಬೇಕು. ಹೀಗೆ ಸಜ್ಜುಗೊಳಿಸಿದ ವಿಮಾನಗಳು ಬಿದ್ದು ಮುರಿದವು, ಉರಿಯಲಿಲ್ಲ. ನಮ್ಮ ಹುಡುಗಿಯ ಪ್ರಶ್ನೆಯ ಮಾತುಗಳೇ! ಭಾರ, ವೆಚ್ಚ ಎಂಬ ಎರಡು ಕಾರಣಗಳ ಮುಂದೆ ಆ ಸಲಕರಣೆ ಪ್ರಯಾಣಿಕ ವಿಮಾನಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬರಲಿಲ್ಲವೆಂಬುದನ್ನು ಓದಿದಾಗ ನಾವು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆವು.

ಪಿಂಕೆಲರು ಮುಂದೆ ಗಗನಯಾನದ ಬೆಂಕಿಗಳ ಕಡೆಗೂ ತಿರುಗಿದರು. 1967ರ ಜನವರಿಯಲ್ಲಿ ನೆಲದ ಮೇಲೆಯೇ ಮೂವರು ಗಗನಯಾತ್ರಿಗಳನ್ನು ಕೊಂದ ಅಪೊಲೋ 1ರ ಬೆಂಕಿ, 1970ರಲ್ಲಿ ಅಪೊಲೋ 13ರ ಆಮ್ಲಜನಕದ ಟಾಂಕಿಯ ಸ್ಫೋಟ, ಈ ಎರಡರ ತನಿಖೆಗಳಿಗೂ ಅವರ ಅನುಭವ ಒದಗಿತು.

ಈ ವಿದ್ಯೆಯಲ್ಲಿ ಸೋಲುಗಳೂ ಬಯಲಿನಲ್ಲಿಯೇ ಆಗುತ್ತವೆ. ಎಣ್ಣೆ ಮಂಜಾಗದಂತೆ ಅದಕ್ಕೊಂದು ಅಂಟು ಬೆರೆಸಿದರೆ ಹೇಗೆಂದು ಹಲವು ವರ್ಷ ದುಡಿದವರು, 1984ರ ಡಿಸೆಂಬರ್ 1ರಂದು ಕ್ಯಾಲಿಫೋರ್ನಿಯದ ಎಡ್ವರ್ಡ್ಸ್ ನೆಲೆಯ ಒಣಕೆರೆಯಲ್ಲಿ ಬೋಯಿಂಗ್ 720 ವಿಮಾನವೊಂದನ್ನು ದೂರದಿಂದ ನಡೆಸಿ ಬೀಳಿಸಿದರು. ವಿಮಾನ ಎಣಿಸಿದಂತೆ ಬೀಳಲಿಲ್ಲ, ಓರೆಯಾಗಿ ಬಿತ್ತು. ರೆಕ್ಕೆ ಸೀಳಲೆಂದು ನೆಟ್ಟಿದ್ದ ಉಕ್ಕಿನ ಅಲಗು ಎಂಜಿನ್ನನ್ನು ಹೊಕ್ಕಿತು. ಬೆಂಕಿಯೇಳಬಾರದೆಂದು ಮಾಡಿದ ಪ್ರಯೋಗದಲ್ಲಿ ಎದ್ದ ಬೆಂಕಿಯನ್ನು ಆರಿಸಲು ಒಂದು ಗಂಟೆಗೂ ಮಿಕ್ಕಿ ಬೇಕಾಯಿತು. ಆ ಅಂಟಿನ ವಿಚಾರ ಅಲ್ಲಿಗೆ ಬಿದ್ದುಹೋಯಿತು. ಆ ಸಂಜೆ ಮನೆಗೆ ಹೋದ ಸಂಶೋಧಕರ ಮುಖಗಳನ್ನು ನಾವು ಎಷ್ಟೋ ಸಲ ಊಹಿಸಿಕೊಂಡಿದ್ದೇವೆ. ಆದರೂ ಅದೇ ಕಾಲದಲ್ಲಿ ಆಸನದ ಮೆತ್ತೆಗೆ ಉರಿ ತಡೆಯುವ ಹೊದಿಕೆ, ಹೊಗೆಯಲ್ಲಿ ಬಾಗಿಲು ಕಾಣಲು ನೆಲದ ಮಟ್ಟದ ದೀಪ ಮುಂತಾದ ನಿಯಮಗಳು ಬಂದವು. ಬೆಂಕಿಯನ್ನು ತಡೆಯಲಾಗದಿದ್ದರೆ ಓಡಲು ಒಂದು ನಿಮಿಷವನ್ನಾದರೂ ಕೊಡು ಎಂಬ ಹಟ. ಅರ್ಧ ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರೂ ಇಳಿಯುವಂತಿರಬೇಕೆಂಬುದು ದೊಡ್ಡ ವಿಮಾನಗಳಿಗೆ ಇಂದಿಗೂ ಇರುವ ಕಟ್ಟಳೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜಪೆಯ ಗುಡ್ಡದಿಂದ ಕಮರಿಗೆ ಜಾರಿದಾಗ 166 ಮಂದಿಯಲ್ಲಿ 8 ಮಂದಿ ಮುರಿದ ಒಡಲಿನಿಂದ ಉರಿಯ ನಡುವೆ ಹೊರಬಂದು ಉಳಿದರು. 158 ಮಂದಿ ಉಳಿಯಲಿಲ್ಲ. ಅಂಥಲ್ಲಿ ಒಂದು ನಿಮಿಷದ ಬೆಲೆ ಏನೆಂಬುದು ಲೆಕ್ಕಕ್ಕೆ ಸಿಗುವುದಲ್ಲ.

ಇವೆಲ್ಲ ಬಿದ್ದ ಮೇಲಿನ ಬೆಂಕಿಯ ಮಾತು. ನಮ್ಮ ಪೀಪಾಯಿಯ ಸಾಕ್ಷಾತ್ ಜ್ಞಾತಿ ಬೇರೆಯೇ ಉಂಟು. ಅದು ಆಕಾಶದಲ್ಲಿ ಸಿಡಿಯಿತು.

1996ರ ಜುಲೈ 17ರ ಸಂಜೆ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹೊರಟ ಟಿ.ಡಬ್ಲ್ಯು.ಎ. ಸಂಸ್ಥೆಯ 800ನೆಯ ಸಂಖ್ಯೆಯ ಬೋಯಿಂಗ್ 747, ನೆಲ ಬಿಟ್ಟ ಸುಮಾರು 12 ನಿಮಿಷಕ್ಕೆ, 14,000 ಅಡಿಗೆ ತುಸು ಕೆಳಗೆ ಒಡೆದು ಸಮುದ್ರಕ್ಕೆ ಬಿತ್ತು. 230 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಬಾಂಬೆಂದರು, ಕ್ಷಿಪಣಿಯೆಂದರು. ಕಡಲ ತಳದಿಂದ ಚೂರುಗಳನ್ನು ಎತ್ತಿ ಜೋಡಿಸಿ, ನಾಲ್ಕು ವರ್ಷ ತನಿಖೆ ನಡೆಸಿ, 2000ದ ಆಗಸ್ಟಿನಲ್ಲಿ ಬಂದ ತೀರ್ಮಾನ ಇದು: ಸಿಡಿದದ್ದು ರೆಕ್ಕೆಗಳ ನಡುವಿನ ದೊಡ್ಡ ಟಾಂಕಿ. ಸುಮಾರು 49,000 ಲೀಟರು ಹಿಡಿಯುವ ಆ ಟಾಂಕಿಯಲ್ಲಿ ಅಂದು ಇದ್ದುದು ತಳದಲ್ಲಿ ಉಳಿದ ಹತ್ತಿರಹತ್ತಿರ 190 ಲೀಟರು. ಎಂದರೆ ಅದು ಬರಿದಾದ ಟಾಂಕಿ. ಅದರ ಅಡಿಯಲ್ಲಿಯೇ ಗಾಳಿಯನ್ನು ತಂಪುಗೊಳಿಸುವ ಯಂತ್ರಗಳು. ಒಳಗೆ ಕುಳಿತವರಿಗೆ ತಂಪು ಕೊಡುವ ಯಂತ್ರ ತಾನು ಕಾಯುತ್ತದೆಂಬುದು ತಿಳಿದ ವಿಷಯವೇ. ಬೇಸಗೆಯ ದಿನ ವಿಮಾನ ಗಂಟೆಗಟ್ಟಲೆ ನೆಲದ ಮೇಲೆ ಕಾದಿತ್ತು. ಆ ಕಾವಿಗೆ ಎಣ್ಣೆ ಆವಿಯಾಗಿ ಟಾಂಕಿಯನ್ನು ತುಂಬಿತ್ತು. ಕಿಡಿ ಎಲ್ಲಿಂದ ಬಂತೆಂಬುದನ್ನು ನಿಶ್ಚಯವಾಗಿ ಹೇಳಲಾಗಲಿಲ್ಲ; ಹೊರಗಿನ ತಂತಿಯ ದೋಷದಿಂದ, ಎಣ್ಣೆಯ ಮಟ್ಟ ಅಳೆಯುವ ತಂತಿಗಳ ಮೂಲಕ ವಿದ್ಯುತ್ತು ಒಳಹೊಕ್ಕಿರಬೇಕೆಂಬುದು ಹೆಚ್ಚು ಸಂಭವನೀಯವೆನಿಸಿತು.

ಈ ತನಿಖೆಗಾಗಿ ಆವಿಯ ಗುಟ್ಟನ್ನು ಅಳೆದುಕೊಟ್ಟವರು ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್ ವಿದ್ಯಾಸಂಸ್ಥೆಯ ಜೋಸೆಫ್ ಷೆಫರ್ಡ್ ಎಂಬ ಪ್ರಾಧ್ಯಾಪಕರು ಮತ್ತು ಅವರ ಸಂಗಡಿಗರು. ಸ್ಫೋಟವನ್ನು ಅಭ್ಯಾಸ ಮಾಡುವುದೇ ಅವರ ವೃತ್ತಿ. ಅಣುಸ್ಥಾವರಗಳ ಹೈಡ್ರೋಜನ್ನನ್ನು ಕುರಿತೂ ಅವರು ದುಡಿದಿದ್ದಾರೆ. ಪಾತ್ರೆಯೊಂದರಲ್ಲಿ ವಿಮಾನದ ಎಣ್ಣೆಯನ್ನು ಹಾಕಿ, ಒಳಗಿನ ಗಾಳಿಯನ್ನು ಆ 14,000 ಅಡಿಯ ಒತ್ತಡಕ್ಕೆ ತಗ್ಗಿಸಿ, ಒಂದೊಂದೇ ಡಿಗ್ರಿ ಬಿಸಿಯೇರಿಸುತ್ತ, ಎಷ್ಟು ದೊಡ್ಡ ಕಿಡಿಗೆ ಅದು ಹೊತ್ತಿಕೊಳ್ಳುತ್ತದೆಂದು ಅವರು ನೋಡಿದರು. ಟಾಂಕಿಯ ಕಾಲು ಅಳತೆಯ ಮಾದರಿಯನ್ನು ಕಟ್ಟಿ, ಡೆನ್ವರಿನ ಬಯಲಿನಲ್ಲಿ ಅದನ್ನೂ ಸಿಡಿಸಿ ನೋಡಿದರು. ಅವರ ಅಳತೆಗಳಲ್ಲಿ ಒಂದನ್ನು ನಾವು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇವೆ. 35 ಡಿಗ್ರಿಯಲ್ಲಿ ಆ ಆವಿಯನ್ನು ಹೊತ್ತಿಸಲು ಸುಮಾರು 100 ಜೂಲುಗಳ ಕಿಡಿ ಬೇಕು. 10 ಕಿಲೋ ಜೋಳದ ಚೀಲವನ್ನು ಒಂದು ಮೀಟರು ಎತ್ತುವಷ್ಟು ಶಕ್ತಿ. 55 ಡಿಗ್ರಿಯಲ್ಲಿ ಒಂದು ಜೂಲಿನ ಸಾವಿರದ ಒಂದು ಪಾಲೂ ಬೇಡ. ಚಳಿಗಾಲದ ರಾತ್ರಿ ಉಣ್ಣೆಯ ಬಟ್ಟೆ ಕಳಚುವಾಗ ಚಟ್ಟೆನ್ನುವ ಕಿಡಿಯ ತರಗತಿಯದು. ಇಪ್ಪತ್ತು ಡಿಗ್ರಿಯ ಅಂತರದಲ್ಲಿ ಕಿಡಿ ಲಕ್ಷದ ಒಂದು ಪಾಲಿಗೆ ಇಳಿಯಿತು!

ಕೋಸಗಿಯ ಮೇ ತಿಂಗಳು ಎಂಥದೆಂದು ಬಲ್ಲವರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ. ಎರಡು ದಿನ ಬಿಸಿಲುಂಡ ಕಬ್ಬಿಣವನ್ನು ಅಂದು ಬರಿಗೈಯಿಂದ ಬಂಡಿಗೆ ಏರಿಸಲಾಗದೆ ಗೋಣಿಯ ತುಂಡು ಹಿಡಿದು ಏರಿಸಿದ್ದೆವು. ಮಾಗಿಯ ಮುಂಜಾನೆಯಾಗಿದ್ದರೂ ಮಿಸ್ತ್ರಿಯ ಉರಿ ಪೀಪಾಯಿಯನ್ನು ಕಾಯಿಸಿ ಅದೇ ಗತಿಗೆ ತರುತ್ತಿತ್ತೆಂಬುದನ್ನು ಬಲ್ಲೆವು. ಆದರೂ ಆ 55 ಎಂಬ ಅಂಕಿಯನ್ನು ಕಂಡಾಗಲೆಲ್ಲ ಅಂಗೈಗೆ ಆ ಗೋಣಿಯ ಒರಟು ಹತ್ತುತ್ತದೆ.

ಆ ವರದಿಯ ಸುದ್ದಿಯನ್ನು ಓದಿದ ವರ್ಷ ದಸರೆಯ ರಜೆಗೆ ಊರಿಗೆ ಹೋದಾಗ ಕಾಕಾನ ಬಳಿ ಕುಳಿತು ಎಲ್ಲವನ್ನೂ ಹೇಳಿದೆವು. ಪುಸ್ತಕದಲ್ಲಿ ಇತ್ತು, ನಾವು ಸುಳ್ಳು ಹೇಳಿದೆವು ಎಂಬುದನ್ನೂ ಹೇಳಿದೆವು. ಹದಿಮೂರು ವರ್ಷ ಹೊತ್ತ ಮಾತು. ಕಾಕಾ ಎಡಗಣ್ಣಿನಿಂದ ನಮ್ಮನ್ನೇ ನೋಡುತ್ತ, ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು:

“ನಿನ್ನ ಪುಸ್ತಕದಾಗ ಇತ್ತೋ ಬಿಟ್ಟಿತ್ತೋ. ಮಿಸ್ತ್ರಿಗೆ ಗೊತ್ತಿತ್ತಲ್ಲೋ ತಮ್ಮಾ. ನೀರು ತುಂಬಬೇಕು ಅಂತ ಹೇಳೂಕ ಬಂದ. ಅವನ ಬಾಯಿ ಮುಚ್ಚಿಸಿದಾಂವ ನಾನು.”

ಮೂರು ವರ್ಷಗಳ ಮೇಲೆ ಕಾಕಾ ತೀರಿಕೊಂಡರು. ಆ ಮಾತಿನಲ್ಲಿ ಅವರು ತಪ್ಪನ್ನು ತಮ್ಮ ಕಡೆಗೆ ಎಳೆದುಕೊಂಡರೇ, ನಮ್ಮನ್ನು ಬಿಡಿಸಿದರೇ, ನಮಗೆ ಇಂದಿಗೂ ಗೊತ್ತಾಗಿಲ್ಲ. ಆದರೆ ಮಿಸ್ತ್ರಿಯ ನೀರಿನ ಮಾತು ಎಷ್ಟು ದೊಡ್ಡದೆಂಬುದು ಮಾತ್ರ ಕಾಲಕ್ರಮದಲ್ಲಿ ಗೊತ್ತಾಯಿತು. ನೀರು ತುಂಬಿದರೆ ಪೀಪಾಯಿಯಲ್ಲಿ ಗಾಳಿಗೆ ಜಾಗವಿಲ್ಲ. ಗಾಳಿಯಿಲ್ಲದೆ ಆವಿ ಉರಿಯದು. ಅಮೆರಿಕದ ವಿಮಾನ ಸುರಕ್ಷತೆಯ ಸಂಶೋಧಕರು ವಿಮಾನಕ್ಕೆ ಕೊನೆಗೆ ಮಾಡಿದ ಉಪಾಯವೂ ಈ ಜಾತಿಯದೇ. ಎಣ್ಣೆ ಖಾಲಿಯಾದ ಟಾಂಕಿಗೆ ನೀರು ತುಂಬಿ ಹಾರುವಂತಿಲ್ಲ, ನೈಟ್ರೋಜನ್ ತುಂಬಬಹುದು. ಯುದ್ಧವಿಮಾನಗಳಲ್ಲಿ ಇದು ಮೊದಲೇ ಇತ್ತು. 1963ರಲ್ಲಿ ಮೇರಿಲೆಂಡಿನ ಮೇಲೆ ಸಿಡಿಲು ಬಡಿದು ಒಂದು ಜೆಟ್ಟಿನ ಟಾಂಕಿ ಸಿಡಿದು 81 ಮಂದಿ ಸತ್ತ ತರುವಾಯ ಪ್ರಯಾಣಿಕ ವಿಮಾನಕ್ಕೂ ಅದನ್ನು ತರುವ ಮಾತೆದ್ದಿತ್ತು. ಭಾರ, ವೆಚ್ಚ; ಅವೇ ಎರಡು ಶಬ್ದಗಳು. ಟಿ.ಡಬ್ಲ್ಯು.ಎ. ದುರಂತದ ಅನಂತರ ನ್ಯೂಜರ್ಸಿಯ ಅಟ್ಲಾಂಟಿಕ್ ಸಿಟಿಯ ಬಳಿಯ ಸರ್ಕಾರಿ ಸಂಶೋಧನಾ ಕೇಂದ್ರದವರು ಹಟ ಹಿಡಿದು ಕುಳಿತರು. ಆಮ್ಲಜನಕವನ್ನು ಪೂರ್ತಿ ಹೊರಹಾಕಬೇಕಾಗಿಲ್ಲ. ಗಾಳಿಯಲ್ಲಿ ನೂರಕ್ಕೆ 21 ಪಾಲು ಇರುವ ಅದನ್ನು 12 ಪಾಲಿಗೆ ಇಳಿಸಿದರೆ ಸಾಕೆಂದು ತೋರಿಸಿದರು. ಕೂದಲಿನಂಥ ಟೊಳ್ಳು ಎಳೆಗಳ ಕಟ್ಟಿನ ಮೂಲಕ ಎಂಜಿನ್ನಿನ ಗಾಳಿಯನ್ನೇ ಹಾಯಿಸಿ, ಆಮ್ಲಜನಕವನ್ನು ಸೋಸಿ ತೆಗೆದು, ಉಳಿದುದನ್ನು ಟಾಂಕಿಗೆ ಬಿಡುವ ಹಗುರವಾದ ಸಲಕರಣೆಯನ್ನು ಹಾರಾಟದಲ್ಲಿ ಪರೀಕ್ಷಿಸಿದರು. 2008ರ ಜುಲೈಯಲ್ಲಿ ಅಮೆರಿಕದಲ್ಲಿ ಅದು ನಿಯಮವಾಯಿತು. 1963ರಿಂದ ಎಣಿಸಿದರೆ 45 ವರ್ಷ. ನಮ್ಮ ಮಿಸ್ತ್ರಿಯ ಮಾತನ್ನು ನಾವು ತಡೆಯಲು ಒಂದು ಕ್ಷಣ ಸಾಕಾಗಿತ್ತು.

ಇದನ್ನೆಲ್ಲ ಓದಿ ಅಹಮದಾಬಾದಿನ ವಿಮಾನಕ್ಕೆ ಈ ನೈಟ್ರೋಜನ್ ಏಕೆ ಒದಗಲಿಲ್ಲವೆಂದು ಕೇಳುವವರುಂಟು. ಆ 787 ಜಾತಿಯ ವಿಮಾನದಲ್ಲಿ ಆ ಏರ್ಪಾಡು ಹುಟ್ಟಿನಿಂದಲೇ ಉಂಟು. ಆದರೆ ಅದು ಹಾರುವಾಗ ಟಾಂಕಿ ಒಳಗಿನಿಂದ ಸಿಡಿಯದಂತೆ ಕಾಯುತ್ತದೆಯೇ ಹೊರತು, 50 ಟನ್ನಿಗೂ ಮಿಕ್ಕಿ ಎಣ್ಣೆ ಹೊತ್ತ ವಿಮಾನ ಕಟ್ಟಡಕ್ಕೆ ಅಪ್ಪಳಿಸಿ ಟಾಂಕಿಯೇ ಹರಿದುಹೋದಾಗ ಏನನ್ನೂ ಮಾಡಲಾರದು. ಅಲ್ಲಿ ಎದುರಾಗುವುದು ಪಿಂಕೆಲರು ಕಂಡ ಆ ಕೆಂಪು ಮಂಜು. ಅದಕ್ಕೆ ಪೂರ್ಣವಾದ ಉತ್ತರ ಇನ್ನೂ ಯಾರ ಬಳಿಯೂ ಇಲ್ಲ.

ಮಾರನೆಯ ದಿನ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆವು, ಕಾಕಾನನ್ನು ಬಿಟ್ಟು. ಹುಡುಗಿ ಮತ್ತೆ ಎದ್ದಳು. “ಹಂಗಾದ್ರ ಆ ಕೆಲಸ ಇನ್ನೂ ಮುಗದಿಲ್ಲರಿ?” ಮುಗಿದಿಲ್ಲ ಎಂದೆವು. “ನಮ್ಮ ಕಡೇರು ಮಾಡ್ತಾರೇನ್ರಿ?” ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1942ರಿಂದಲೂ ವಿಮಾನಶಾಸ್ತ್ರದ ವಿಭಾಗವಿರುವುದನ್ನು, ಅಲ್ಲಿ ಎಚ್. ಎಸ್. ಮುಕುಂದ ಎಂಬ ಪ್ರಾಧ್ಯಾಪಕರು ಬೆಂಕಿಯನ್ನೇ ಜೀವನದ ಅಭ್ಯಾಸವಾಗಿ ಮಾಡಿಕೊಂಡು ರಾಕೆಟ್ಟಿನ ಉರಿಯಿಂದ ಅಡುಗೆಯ ಒಲೆಯವರೆಗೆ ದುಡಿದುದನ್ನು, 1959ರಲ್ಲಿ ಹುಟ್ಟಿದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವನ್ನು, ದೆಹಲಿಯಲ್ಲಿ ರಕ್ಷಣಾ ಇಲಾಖೆಯವರಿಗೆ ಬೆಂಕಿ ಮತ್ತು ಸ್ಫೋಟಗಳ ಸುರಕ್ಷತೆಗೆಂದೇ ಪ್ರತ್ಯೇಕ ಕೇಂದ್ರವಿರುವುದನ್ನು ಹೇಳಿದೆವು. ಅವಳು ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ತುಸು ತಡೆದು, “ಅಲ್ಲಿ ಕನ್ನಡ ಮೀಡಿಯಂದವ್ರನ್ನ ತಗೋತಾರೇನ್ರಿ?” ಎಂದಳು.

ಉಪಾಧ್ಯಾಯ ಬಂಧುಗಳೇ, ಈ ಪ್ರಶ್ನೆ ನಿಮಗೂ ಪರಿಚಿತವಾದುದು. ಸುಮ್ಮನೆ ಧೈರ್ಯ ಹೇಳಿ ಕಳಿಸುವುದು ಸುಲಭ. “ಖಾಲಿ ಅದ, ಏನೂ ಆಗಂಗಿಲ್ಲ” ಎಂದು ಒಮ್ಮೆ ಧೈರ್ಯ ಹೇಳಿದವರು ನಾವು. ಆದ್ದರಿಂದ ಇದ್ದುದನ್ನು ಇದ್ದಂತೆ ಹೇಳಿದೆವು. ಮುಂದಿನ ಓದಿನ ಪುಸ್ತಕಗಳು ಇಂಗ್ಲಿಷಿನಲ್ಲಿರುತ್ತವೆ, ಮೊದಲ ಎರಡು ವರ್ಷ ಕಷ್ಟವಾಗುತ್ತದೆ, ಅಳು ಬರುತ್ತದೆ, ನಮಗೂ ಬಂದಿತ್ತು. ಆವಿ ಮಾತ್ರ ಯಾವ ಭಾಷೆಯಲ್ಲಿ ಓದಿದವರೆಂದು ಕೇಳಿ ಹೊತ್ತಿಕೊಳ್ಳುವುದಿಲ್ಲ. ತರಗತಿ ನಕ್ಕಿತು. ಅವಳು ನಗಲಿಲ್ಲ, ಫ್ಲಾಷ್ ಪಾಯಿಂಟಿನ ಅರ್ಥವನ್ನು ಇನ್ನೊಮ್ಮೆ ಹೇಳಿರೆಂದು ಕೇಳಿದಳು. ಹೇಳಿದೆವು. ಈ ಸಲ ಅರ್ಧ ಗಂಟೆ ಹಿಡಿಯಿತು.

ಸ್ಫೋಟ ತೋರಿಸಿರೆಂದು ಹಿಂದಿನ ಸಾಲಿನ ಹುಡುಗರು ಗಂಟುಬಿದ್ದರು. ಅದಕ್ಕೆ ಮಾತ್ರ ನಾವು ಒಪ್ಪಲಿಲ್ಲ. ತಕ್ಕಡಿಯಲ್ಲಿ 15 ಗ್ರಾಮು ನೀರನ್ನು ತೂಗಿ ಚಮಚದಲ್ಲಿ ತೋರಿಸಿ, ಎಣ್ಣೆಯಾದರೆ ಇಷ್ಟೇ ಎಂದೆವು.

ಪೀಪಾಯಿ ಇನ್ನೂ ಇದೆ. ಅಂದು ಕೊಯ್ತ ಪೂರ್ತಿಯಾಗಿರಲಿಲ್ಲ. ಮುಂದೆ ಕೈ ವಾಸಿಯಾದ ಮೇಲೆ ಅದೇ ಮಿಸ್ತ್ರಿ, ನೀರು ತುಂಬಿಸಿಕೊಂಡು, ಉಳಿದುದನ್ನು ಕೊಯ್ದುಕೊಟ್ಟ. ಕೂಲಿ ತೆಗೆದುಕೊಳ್ಳಲಿಲ್ಲ. ಮುಚ್ಚಳ ಹಾರಿದ ಭಾಗ ಗುಜರಿಗೆ ಹೋಯಿತು. ಇನ್ನೊಂದು ಭಾಗ, ಅಂಚು ಸೊಟ್ಟಗಾಗಿ ತುಕ್ಕು ಹಿಡಿದು, ಹೊಲದ ಬಾವಿಯ ಪಕ್ಕದಲ್ಲಿದೆ. ಕಾಕಾನ ಮೊಮ್ಮಕ್ಕಳು ದಿನವೂ ಅದಕ್ಕೆ ನೀರು ತುಂಬುತ್ತಾರೆ, ಎಮ್ಮೆಗಳು ಕುಡಿಯುತ್ತವೆ.